ಲೂಪ್‌ಬ್ಯಾಕ್ ಕ್ಯಾಲಿಬ್ರೇಶನ್ ಕೈಕೊಟ್ಟಾಗ: ಮನೆಯ ಆಡಿಯೋ ಇಂಟರ್‌ಫೇಸ್‌ಗೆ ಹಂತ ಹಂತದ ಮಾರ್ಗದರ್ಶಿ

ಕೇಬಲ್ಲಿನ ಒಂದು ತುದಿ ಆಡಿಯೋ ಇಂಟರ್‌ಫೇಸಿನ (ಮೈಕ್, ಸ್ಪೀಕರ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಔಟ್‌ಪುಟ್‌ಗೆ, ಇನ್ನೊಂದು ತುದಿ ಅದೇ ಇಂಟರ್‌ಫೇಸಿನ ಇನ್‌ಪುಟ್‌ಗೆ, ಆಮೇಲೆ ಒಂದು ಬಟನ್. ಲೂಪ್‌ಬ್ಯಾಕ್ ಕ್ಯಾಲಿಬ್ರೇಶನ್ ಎಂದರೆ ಕೇಳುವುದಕ್ಕೆ ಇಷ್ಟೇ ಕೆಲಸ. ಆದರೂ ಬರುವ ದೂರುಗಳು ಮತ್ತೆ ಮತ್ತೆ ಅವೇ. ಮೀಟರ್ ಅಲ್ಲಾಡುವುದೇ ಇಲ್ಲ. ಗ್ರಾಫ್ ಬಾಚಣಿಗೆಯ ಹಲ್ಲಿನಂತೆ ಬರುತ್ತದೆ. ಫೈಲ್ ಹಾಕಿದ ಮೇಲೆ ಕೋಣೆಯ ಅಳತೆ ಮೊದಲಿಗಿಂತ ಹದಗೆಟ್ಟಿದೆ. ಇವುಗಳಲ್ಲಿ ಹೆಚ್ಚಿನವು ಉಪಕರಣದ ದೋಷವಲ್ಲ, ಹಂತಗಳನ್ನು ಹಿಂದುಮುಂದು ಮಾಡಿದ್ದರ ಫಲ.

ಇಲ್ಲಿ ನಡೆಯುವುದು ಇಷ್ಟು: ಅಳತೆಯ ತಂತ್ರಾಂಶ ತಗ್ಗು ಸ್ವರದಿಂದ ಎತ್ತರದ ಸ್ವರದವರೆಗೆ ಜಾರುವ ಒಂದು ಸ್ವೀಪ್ ನುಡಿಸುತ್ತದೆ, ಅದು ಕೇಬಲ್ ಮೂಲಕ ಹಿಂದಿರುಗಿದಾಗ ಎಲ್ಲೆಲ್ಲಿ ಎಷ್ಟು ಕುಗ್ಗಿದೆ ಎಂದು ನೋಡಿ ಒಂದು ಫೈಲ್‌ನಲ್ಲಿ ಬರೆದಿಡುತ್ತದೆ. ಮುಂದೆ ಮೈಕ್ ಇಟ್ಟು ಕೋಣೆಯನ್ನೋ ಸ್ಪೀಕರನ್ನೋ ಅಳೆಯುವಾಗ ಆ ಕುಗ್ಗುವಿಕೆಯನ್ನು ಲೆಕ್ಕದಿಂದ ಕಳೆಯುತ್ತದೆ. ನಾನು ಬಳಸುವುದು ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್. ಬೇರೆ ತಂತ್ರಾಂಶಗಳಲ್ಲೂ ಕ್ರಮ ಹೆಚ್ಚುಕಡಿಮೆ ಇದೇ.

ಶುರು ಮಾಡುವ ಮುನ್ನ ಎರಡು ಮಾತು. ನಿಮ್ಮದು ನೇರವಾಗಿ ಕಂಪ್ಯೂಟರ್‌ಗೆ ಸಿಕ್ಕಿಸುವ ಯುಎಸ್‌ಬಿ ಅಳತೆ ಮೈಕ್ ಆಗಿದ್ದರೆ ಈ ಕೆಲಸವೇ ಬೇಡ. ಇಂಟರ್‌ಫೇಸಿನ ಇನ್‌ಪುಟ್ ಆ ದಾರಿಯಲ್ಲಿ ಬರುವುದೇ ಇಲ್ಲ. ಇನ್ನೊಂದು, ಈಗಿನ ಸಾಧಾರಣ ಇಂಟರ್‌ಫೇಸ್‌ಗಳೂ ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ ಸಾಕಷ್ಟು ನೇರವಾಗಿಯೇ ಇರುತ್ತವೆ. ಆದ್ದರಿಂದ ಸರಿಯಾದ ಫೈಲ್‌ನಿಂದ ಸಿಗುವ ಲಾಭ ಸಣ್ಣದು, ತಪ್ಪು ಫೈಲ್‌ನಿಂದ ಆಗುವ ನಷ್ಟ ದೊಡ್ಡದು. ಅನುಮಾನವಿರುವ ಫೈಲ್ ಹಾಕುವುದಕ್ಕಿಂತ ಫೈಲೇ ಇಲ್ಲದಿರುವುದು ಲೇಸು.

## ಬೇಕಾದ ಸಾಮಾನು

ಎರಡೂ ತುದಿಯಲ್ಲಿ 6.35 ಮಿಲಿಮೀಟರ್ ಟಿಆರ್‌ಎಸ್ ಪಿನ್ ಇರುವ ಒಂದು ಗಿಡ್ಡ ಕೇಬಲ್, ಅಂಥದ್ದೇ ಇನ್ನೊಂದು ಬದಲಿ ಕೇಬಲ್, ಬೀಪ್ ಶಬ್ದ ಮಾಡುವ ಸಾಮಾನ್ಯ ಮಲ್ಟಿಮೀಟರ್. ಟಿಆರ್‌ಎಸ್ ಪಿನ್ನಿನ ಮೇಲೆ ಎರಡು ಕಪ್ಪು ಉಂಗುರಗಳಿರುತ್ತವೆ, ಟಿಎಸ್ ಪಿನ್ನಿನ ಮೇಲೆ ಒಂದೇ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಟಿಆರ್‌ಎಸ್ ಎಂದರೆ ಮುಖ ನೋಡಿದರೆ ‘ಸ್ಟೀರಿಯೋ ಪಿನ್’ ಎಂದು ಕೇಳಿ. ಟಿಎಸ್‌ಗೆ ಅಲ್ಲಿ ‘ಮೋನೋ’ ಎನ್ನುತ್ತಾರೆ. ಒಂದು ತುದಿಯಲ್ಲಿ ಒಂದು ಪಿನ್, ಇನ್ನೊಂದರಲ್ಲಿ ಎರಡು ಪಿನ್ ಇರುವ ಕವಲು ಕೇಬಲ್ ಕೊಳ್ಳಬೇಡಿ.

## ಹಂತ 1: ಜೋಡಿಸುವ ಮೊದಲು ಕಳಚಿ

ಕೇಬಲ್ ಮುಟ್ಟುವ ಮೊದಲು ಸ್ಪೀಕರ್‌ಗಳ ಸ್ವಿಚ್ ಆರಿಸಿ. ಹೆಡ್‌ಫೋನ್ ಕಿವಿಯಿಂದ ತೆಗೆದು ಮೇಜಿನ ಮೇಲಿಡಿ. ಔಟ್‌ಪುಟ್ ಗುಂಡಿ ಸೊನ್ನೆಗೆ, ಇನ್‌ಪುಟ್ ಗೇನ್ (ಒಳಬರುವ ಸಿಗ್ನಲನ್ನು ಹಿಗ್ಗಿಸುವ ಗುಂಡಿ) ಸೊನ್ನೆಗೆ.

ಮುಂದೆ, ಮೈಕ್‌ಗೆ ವಿದ್ಯುತ್ ಕಳಿಸುವ 48 ವೋಲ್ಟ್ ಬಟನ್. ಕಂಡೆನ್ಸರ್ ಮೈಕ್ ಬಳಸುವವರು ಇದನ್ನು ಒತ್ತಿದ್ದು ಮರೆತೇ ಬಿಟ್ಟಿರುತ್ತಾರೆ. ಆರಿಸಿ, ಒಂದು ನಿಮಿಷ ಕಾಯಿರಿ. ಒಳಗಿನ ಕೆಪಾಸಿಟರ್‌ಗಳು ಖಾಲಿಯಾಗಲು ಸ್ವಲ್ಪ ಹೊತ್ತು ಬೇಕು. ಟಿಆರ್‌ಎಸ್ ಪಿನ್ ಸಿಕ್ಕಿಸುವ ಜಾಗಕ್ಕೆ ಸಾಮಾನ್ಯವಾಗಿ ಈ ವೋಲ್ಟೇಜ್ ಬರುವುದಿಲ್ಲ, ಮೈಕ್ ಕೇಬಲ್ಲಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೂಲಕ ಜೋಡಿಸಿದರೆ ಬರುತ್ತದೆ, ನೇರವಾಗಿ ನಿಮ್ಮ ಔಟ್‌ಪುಟ್‌ನ ಮೇಲೆಯೇ ಬೀಳುತ್ತದೆ.

ಕೊನೆಗೆ ಡೈರೆಕ್ಟ್ ಮಾನಿಟರ್ ಆಫ್. ಈ ಸ್ವಿಚ್ ಇನ್‌ಪುಟ್‌ಗೆ ಬಂದದ್ದನ್ನು ಹಾಗೆಯೇ ಔಟ್‌ಪುಟ್‌ಗೆ ಕಳಿಸುತ್ತದೆ. ಲೂಪ್ ಕೇಬಲ್ ಇರುವಾಗ ಅದು ಆನ್ ಆಗಿದ್ದರೆ ಸಿಗ್ನಲ್ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಗೇನ್ ಹೆಚ್ಚಿದ್ದರೆ ಕಿರುಚಾಟ, ಕಡಿಮೆಯಿದ್ದರೆ ಗ್ರಾಫ್‌ನಲ್ಲಿ ಹಲ್ಲುಗಳು. ಕೆಲವು ಇಂಟರ್‌ಫೇಸ್‌ಗಳಲ್ಲಿ ಇದಕ್ಕೆ ಗುಂಡಿಯೇ ಇಲ್ಲ, ಜೊತೆಗೆ ಬಂದ ಮಿಕ್ಸರ್ ತಂತ್ರಾಂಶದೊಳಗೆ ಅಡಗಿರುತ್ತದೆ. ಅದನ್ನು ತೆರೆದು, ಔಟ್‌ಪುಟ್‌ಗೆ ಕಂಪ್ಯೂಟರ್‌ನ ಪ್ಲೇಬ್ಯಾಕ್ ಮಾತ್ರ ಹೋಗುವಂತೆ ಮಾಡಿ.

## ಹಂತ 2: ಸರಿಯಾದ ತೂತಿಗೆ ಸರಿಯಾದ ಪಿನ್

ಮೊದಲು ಕೇಬಲನ್ನೇ ಪರೀಕ್ಷಿಸಿ. ಮಲ್ಟಿಮೀಟರಿನ ಒಂದು ಮೊನೆ ಈ ಪಿನ್ನಿನ ತುದಿಗೆ, ಇನ್ನೊಂದು ಮೊನೆ ಆ ಪಿನ್ನಿನ ತುದಿಗೆ: ಬೀಪ್ ಬರಬೇಕು. ಎರಡು ಕಪ್ಪು ಉಂಗುರಗಳ ನಡುವಿನ ಲೋಹದ ಉಂಗುರದಿಂದ ಉಂಗುರಕ್ಕೆ, ಬುಡದಿಂದ ಬುಡಕ್ಕೂ ಹಾಗೆಯೇ. ತುದಿಯಿಂದ ಉಂಗುರಕ್ಕೆ ಬೀಪ್ ಬಂದರೆ ಆ ಕೇಬಲ್ ಕೆಟ್ಟಿದೆ. ಅಳೆಯುತ್ತಾ ಪಿನ್ನಿನ ಕುತ್ತಿಗೆಯನ್ನು ಮೆಲ್ಲಗೆ ಬಾಗಿಸಿ ನೋಡಿ. ಶಬ್ದ ಕಡಿಕಡಿದು ಬಂದರೆ ಬೆಸುಗೆ ಬಿಟ್ಟಿದೆ ಎಂದರ್ಥ.

ಇಂಟರ್‌ಫೇಸಿನ ಹಿಂಬದಿಯ ಲೈನ್ ಔಟ್‌ಪುಟ್‌ನಿಂದ ಮುಂಬದಿಯ ಇನ್‌ಪುಟ್‌ಗೆ ಸಿಕ್ಕಿಸಿ. ಈ ಹಂತದಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಹೆಡ್‌ಫೋನ್ ಜ್ಯಾಕ್ ಬಳಸುವುದು. ಹಿಂದಿನ ಔಟ್‌ಪುಟ್‌ಗಳಲ್ಲಿ ಸ್ಪೀಕರ್ ತಂತಿಗಳಿರುತ್ತವೆ, ಅವುಗಳನ್ನು ಕಳಚಲು ಬೇಸರ, ಮುಂದೆಯೇ ಅದೇ ಅಳತೆಯ ಜ್ಯಾಕ್ ಕಾಣುತ್ತದೆ. ಆದರೆ ಹೆಡ್‌ಫೋನ್ ಜ್ಯಾಕ್‌ನಲ್ಲಿ ತುದಿ ಎಡ ಚಾನಲ್, ಉಂಗುರ ಬಲ ಚಾನಲ್. ಬ್ಯಾಲೆನ್ಸ್ಡ್ ಇನ್‌ಪುಟ್ ಮಾಡುವುದು ತುದಿಯಿಂದ ಉಂಗುರವನ್ನು ಕಳೆಯುವ ಕೆಲಸ. ಎರಡೂ ಚಾನಲ್‌ನಲ್ಲಿ ಒಂದೇ ಸ್ವೀಪ್ ಇದ್ದರೆ ಐದರಿಂದ ಐದು ಕಳೆದ ಹಾಗೆ: ಉಳಿಯುವುದು ಸೊನ್ನೆ. ಮೀಟರ್‌ನಲ್ಲಿ ತೀರಾ ಸಣ್ಣದೊಂದು ಅವಶೇಷ ಕಾಣುತ್ತದೆ, ಬಳಕೆದಾರ ಗೇನ್ ತುತ್ತತುದಿಗೆ ತಿರುಗಿಸುತ್ತಾನೆ, ಬರುವ ಗ್ರಾಫ್‌ಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಬೇಸರ ಬಿಟ್ಟು ಸ್ಪೀಕರ್ ತಂತಿ ಕಳಚಿ.

ಇನ್‌ಪುಟ್ ಕಡೆ ಈಗ ಹೆಚ್ಚಾಗಿ ಇರುವುದು ಕಾಂಬೋ ಜ್ಯಾಕ್. ಅದರ ನಡುವಿನ ದುಂಡು ತೂತಿಗೆ ಟಿಆರ್‌ಎಸ್ ಹಾಕಿದರೆ ಲೈನ್ ದಾರಿ, ಸುತ್ತಲಿನ ಮೂರು ತೂತಿಗೆ ಎಕ್ಸ್‌ಎಲ್‌ಆರ್ ಹಾಕಿದರೆ ಮೈಕ್ ದಾರಿ. ಮೈಕಿನದಕ್ಕಿಂತ ಬಹಳ ಬಲವಾದ ಲೈನ್ ಮಟ್ಟದ ಸಿಗ್ನಲನ್ನು ಮೈಕ್ ದಾರಿಗೆ ಬಿಟ್ಟರೆ ಗೇನ್ ಸೊನ್ನೆಯಲ್ಲಿದ್ದರೂ ಕೆಂಪು ದೀಪ ಹತ್ತಬಹುದು. ‘ಇನ್‌ಸ್ಟ್’ ಬಟನ್ ಗಿಟಾರ್‌ಗಾಗಿ ಇರುವುದು, ಅದು ಆಫ್ ಆಗಿರಲಿ. ತಗ್ಗು ಸ್ವರಗಳನ್ನು ಕತ್ತರಿಸುವ ಲೋ ಕಟ್, ದನಿಯ ಏರಿಳಿತ ಕುಗ್ಗಿಸುವ ಕಂಪ್ರೆಸರ್, ‘ಏರ್’ ಎಂಬಂಥ ಬಣ್ಣ ಹಚ್ಚುವ ಬಟನ್‌ಗಳು, ಆಟೋ ಗೇನ್, ಇವೂ ಅಷ್ಟೇ.

## ಹಂತ 3: ಕಂಪ್ಯೂಟರ್ ಮಧ್ಯೆ ಬಾಯಿ ಹಾಕದಂತೆ ನೋಡಿಕೊಳ್ಳಿ

ಪ್ಲೇಬ್ಯಾಕ್ ಮತ್ತು ರೆಕಾರ್ಡಿಂಗ್ ಎರಡಕ್ಕೂ ಅದೇ ಇಂಟರ್‌ಫೇಸ್ ಆಯ್ಕೆಯಾಗಿರಬೇಕು. ಲ್ಯಾಪ್‌ಟಾಪ್‌ನ ಸ್ವಂತ ಜ್ಯಾಕ್‌ನಿಂದ ನುಡಿಸಿ ಇಂಟರ್‌ಫೇಸ್‌ನಲ್ಲಿ ರೆಕಾರ್ಡ್ ಮಾಡಿದರೆ ಎರಡು ಬೇರೆ ಗಡಿಯಾರಗಳು ಓಡುತ್ತಿರುತ್ತವೆ. ಅವುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ನಿಮಿಷದಲ್ಲಿ 3 ಮಿಲಿಸೆಕೆಂಡ್ ಜಾರುತ್ತದೆ.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸಿಗ್ನಲನ್ನು ಅಂಕಿಯಾಗಿ ದಾಖಲಿಸುತ್ತದೆ ಎಂಬುದು) ಮೂರು ಕಡೆ ಒಂದೇ ಇರಲಿ: ಇಂಟರ್‌ಫೇಸಿನ ನಿಯಂತ್ರಣ ತಂತ್ರಾಂಶದಲ್ಲಿ, ಆಪರೇಟಿಂಗ್ ಸಿಸ್ಟಂನಲ್ಲಿ, ಅಳತೆಯ ತಂತ್ರಾಂಶದಲ್ಲಿ. ಮನೆಯ ಕೆಲಸಕ್ಕೆ 48 ಕಿಲೋಹರ್ಟ್ಸ್ ಸಾಕು. ಮ್ಯಾಕ್‌ನಲ್ಲಿ ಇದನ್ನು ‘ಆಡಿಯೋ ಮಿಡಿ ಸೆಟಪ್’ನಲ್ಲಿ ನೋಡಬಹುದು. ನೀವು 96 ಎಂದು ಇಟ್ಟಿದ್ದರೂ ಗ್ರಾಫ್ 22 ಕಿಲೋಹರ್ಟ್ಸ್ ಹತ್ತಿರ ಗೋಡೆಗೆ ಬಡಿದಂತೆ ನಿಂತರೆ ಎಲ್ಲೋ ಒಂದು ಕಡೆ 44.1 ಉಳಿದುಕೊಂಡಿದೆ, ನಡುವೆ ಯಾರೋ ಪರಿವರ್ತನೆ ಮಾಡುತ್ತಿದ್ದಾರೆ.

ವಿಂಡೋಸ್‌ನಲ್ಲಿ ಕಾಟ ಸ್ವಲ್ಪ ಹೆಚ್ಚು. ತಯಾರಕರ ಏಸಿಯೋ ಡ್ರೈವರ್ (ಇಂಟರ್‌ಫೇಸಿನೊಡನೆ ನೇರವಾಗಿ ಮಾತಾಡುವ ತಂತ್ರಾಂಶ) ಇದ್ದರೆ ಅದನ್ನೇ ಆರಿಸಿ, ಅರ್ಧ ತಲೆನೋವು ಅಲ್ಲಿಗೇ ತಪ್ಪುತ್ತದೆ. ಇಲ್ಲದಿದ್ದರೆ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಎನ್‌ಹ್ಯಾನ್ಸ್‌ಮೆಂಟ್‌ಗಳನ್ನೆಲ್ಲ ತೆಗೆಯಿರಿ. ರೆಕಾರ್ಡಿಂಗ್ ಸಾಧನದ ‘ಲಿಸನ್’ ಪುಟದಲ್ಲಿ ಟಿಕ್ ಇದ್ದರೆ ಅದನ್ನೂ ತೆಗೆಯಿರಿ. ಅದು ತಂತ್ರಾಂಶದ ಡೈರೆಕ್ಟ್ ಮಾನಿಟರ್ ಇದ್ದ ಹಾಗೆ. ‘ಕಮ್ಯುನಿಕೇಶನ್ಸ್’ ಪುಟದಲ್ಲಿ ‘ಡೂ ನಥಿಂಗ್’ ಆರಿಸಿ, ಇಲ್ಲವಾದರೆ ಹಿನ್ನೆಲೆಯಲ್ಲಿ ಯಾವುದೋ ಮೀಟಿಂಗ್ ಆ್ಯಪ್ ಎಚ್ಚರಗೊಂಡ ಕ್ಷಣ ಸ್ವೀಪ್‌ನ ದನಿ ತಗ್ಗಿಬಿಡುತ್ತದೆ.

ಮೀಟರ್ ಪೂರ್ತಿ ಸತ್ತಂತಿದ್ದರೆ ಕೇಬಲ್ ಶಪಿಸುವ ಮೊದಲು ಮೈಕ್ರೋಫೋನ್ ಅನುಮತಿ ನೋಡಿ. ವಿಂಡೋಸ್ ಮತ್ತು ಮ್ಯಾಕ್ ಎರಡೂ ಅನುಮತಿ ಕೊಡದ ತಂತ್ರಾಂಶಕ್ಕೆ ಲೈನ್ ಇನ್‌ಪುಟನ್ನೂ ಮೈಕ್ ಎಂದೇ ಭಾವಿಸಿ ಮುಚ್ಚಿಬಿಡುತ್ತವೆ.

## ಹಂತ 4: ‘ಲೂಪ್‌ಬ್ಯಾಕ್’ ಎಂದು ಬರೆದಿರುವ ಚಾನಲ್ ಆರಿಸಬೇಡಿ

ಇದು ವಿಚಿತ್ರವಾಗಿ ಕೇಳಬಹುದು. ಆದರೆ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದುವುದಿದ್ದರೆ ಇದನ್ನು ಓದಿ.

ಇತ್ತೀಚಿನ ಹಲವು ಇಂಟರ್‌ಫೇಸ್‌ಗಳ ಇನ್‌ಪುಟ್ ಪಟ್ಟಿಯಲ್ಲಿ 1, 2ರ ನಂತರ ‘ಲೂಪ್‌ಬ್ಯಾಕ್ 1’, ‘ಲೂಪ್‌ಬ್ಯಾಕ್ 2’ ಎಂಬ ಹೆಸರುಗಳು ಕಾಣುತ್ತವೆ. ಅವು ಇರುವುದು ಕಂಪ್ಯೂಟರ್‌ನಲ್ಲಿ ನುಡಿಯುತ್ತಿರುವ ಹಾಡನ್ನು ನೇರ ಪ್ರಸಾರಕ್ಕೋ ಪಾಡ್‌ಕಾಸ್ಟ್‌ಗೋ ರೆಕಾರ್ಡ್ ಮಾಡಲು. ಅಲ್ಲಿ ಸಿಗ್ನಲ್ ಅಂಕಿಗಳಾಗಿಯೇ ಹೋಗಿ ಅಂಕಿಗಳಾಗಿಯೇ ಹಿಂದಿರುಗುತ್ತದೆ. ವಿದ್ಯುತ್ ಆಗುವುದೂ ಇಲ್ಲ, ಕೇಬಲ್ ಮುಟ್ಟುವುದೂ ಇಲ್ಲ. ಲೂಪ್‌ಬ್ಯಾಕ್ ಕ್ಯಾಲಿಬ್ರೇಶನ್‌ಗೆ ಬಂದವರು ಸಹಜವಾಗಿಯೇ ಆ ಹೆಸರನ್ನು ಆರಿಸುತ್ತಾರೆ. ಗ್ರಾಫ್ ಅಡಿಪಟ್ಟಿ ಇಟ್ಟು ಎಳೆದಂತೆ ಬರುತ್ತದೆ. ನಾನೂ ಹಾಗೊಂದು ಫೈಲ್ ಮಾಡಿಕೊಂಡು, ನನ್ನ ಅಗ್ಗದ ಪೆಟ್ಟಿಗೆ ಎಷ್ಟು ನಿಖರ ಎಂದು ತಿಂಗಳುಗಟ್ಟಲೆ ಬೀಗಿದ್ದೇನೆ. ಅದರಲ್ಲಿ ತಿದ್ದುವಂಥದ್ದು ಏನೂ ದಾಖಲಾಗಿರಲೇ ಇಲ್ಲ.

ಪತ್ತೆ ಹಚ್ಚುವುದು ಸುಲಭ. ತಂತ್ರಾಂಶದಲ್ಲಿ 1 ಕಿಲೋಹರ್ಟ್ಸ್ ಸ್ವರವನ್ನು ನುಡಿಸಿ, ಔಟ್‌ಪುಟ್ ಗುಂಡಿ ಮತ್ತು ಇನ್‌ಪುಟ್ ಗೇನ್ ತುಸು ಏರಿಸಿ, ಇನ್‌ಪುಟ್ ಮೀಟರ್ ಏಳುವುದನ್ನು ನೋಡಿ. ಈಗ ಇನ್‌ಪುಟ್ ಕಡೆಯ ಪಿನ್ ಎಳೆಯಿರಿ. ಮೀಟರ್ ದೊಪ್ಪನೆ ಬೀಳಬೇಕು. ಕೇಬಲ್ ಕೈಯಲ್ಲಿ ನೇತಾಡುತ್ತಿದ್ದರೂ ಮೀಟರ್ ಇದ್ದಲ್ಲೇ ಇದ್ದರೆ ನೀವು ಅಳೆಯುತ್ತಿರುವುದು ಬೇರೆ ಏನನ್ನೋ. ಪಿನ್ ಮತ್ತೆ ಹಾಕಿದಾಗ ಮೀಟರ್ ಹಳೆಯ ಜಾಗಕ್ಕೇ ಬರಬೇಕು. ಮೂರು ಸಲ ಎಳೆದು ಹಾಕಿ. ಮೂರೂ ಸಲ ಬೇರೆ ಬೇರೆ ಅಂಕಿ ಬಂದರೆ ಜ್ಯಾಕ್‌ನೊಳಗೆ ಧೂಳೋ ಕಿಲುಬೋ ಇದೆ. ಕರಾವಳಿಯ ಮನೆಗಳಲ್ಲಿ ಇದು ಬೇಗ ಹಿಡಿಯುತ್ತದೆ.

## ಹಂತ 5: ಮಟ್ಟ ಹೊಂದಿಸಿ, ಆಮೇಲೆ ಪರೀಕ್ಷಿಸಿ

ಸ್ವರದ ಡಿಜಿಟಲ್ ಮಟ್ಟ ಮೈನಸ್ 12 ಡಿಬಿ (ಡೆಸಿಬೆಲ್) ಇರಲಿ. ಇಂಟರ್‌ಫೇಸಿನ ಇನ್‌ಪುಟ್ ಗೇನನ್ನು ಮತ್ತೆ ಕನಿಷ್ಠಕ್ಕೆ ತಂದು, ಔಟ್‌ಪುಟ್ ಗುಂಡಿಯನ್ನು ನಿಧಾನವಾಗಿ ಏರಿಸಿ. ಅದು ಸಾಲದಿದ್ದರೆ ಮಾತ್ರ ಇನ್‌ಪುಟ್ ಗೇನ್ ಮುಟ್ಟಿ. ಇನ್‌ಪುಟ್ ಮೀಟರ್ ಕೂಡ ಮೈನಸ್ 12ರ ಆಸುಪಾಸು ನಿಂತರೆ ಸಾಕು; ಒಂದೆರಡು ಡಿಬಿ ಹೆಚ್ಚುಕಡಿಮೆಯಾದರೆ ಏನೂ ಕೊಳ್ಳೆಹೋಗುವುದಿಲ್ಲ. ಕೆಂಪು ದೀಪ ಒಮ್ಮೆ ಮಿಂಚಿದರೂ ಆ ಅಳತೆ ಲೆಕ್ಕಕ್ಕಿಲ್ಲ.

ಇನ್ನು ಹೆಚ್ಚಿನವರು ಹಾರಿಸಿಬಿಡುವ ಪರೀಕ್ಷೆ. ತಂತ್ರಾಂಶದಲ್ಲಿ ಸ್ವರದ ಮಟ್ಟವನ್ನು ಸರಿಯಾಗಿ 6 ಡಿಬಿ ಇಳಿಸಿ. ಇನ್‌ಪುಟ್ ಮೀಟರ್ ಕೂಡ 6 ಡಿಬಿಯೇ ಇಳಿಯಬೇಕು. ಎರಡೋ ಮೂರೋ ಮಾತ್ರ ಇಳಿದರೆ ದಾರಿಯಲ್ಲಿ ಲಿಮಿಟರ್, ಕಂಪ್ರೆಸರ್ ಅಥವಾ ಆಟೋ ಗೇನ್ ಇನ್ನೂ ಜೀವಂತವಾಗಿದೆ. ಇಳಿದು, ಆಮೇಲೆ ತಾನಾಗಿಯೇ ಮೇಲೇರಿದರೆ ಆಟೋ ಗೇನ್ ಖಚಿತ. ಹಂತ 2 ಮತ್ತು 3ಕ್ಕೆ ಹಿಂದಿರುಗಿ.

ಸ್ವರ ನಿಲ್ಲಿಸಿ ಮೌನವನ್ನೂ ನೋಡಿ. ಮೀಟರ್ ಮೈನಸ್ 80ಕ್ಕಿಂತ ಮೇಲೆಯೇ ತೇಲುತ್ತಿದ್ದರೆ ಅನುಮಾನಿಸಿ, ಸ್ಪೆಕ್ಟ್ರಂ ತೆರೆಯಿರಿ. 50, 100, 150 ಹರ್ಟ್ಸ್‌ಗಳಲ್ಲಿ ಕಂಬಗಳು ನಿಂತಿದ್ದರೆ ಅದು ಮನೆಯ ಕರೆಂಟಿನ ಗುಂಯ್‌ಗುಡುವಿಕೆ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಕಂಬಗಳು ಕುಸಿದರೆ ತಪ್ಪು ಅರ್ಥಿಂಗ್‌ನದು. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತದೆ, ಮೂರನೆಯದರ ಹಿಂದೆ ತಂತಿಯೇ ಇರುವುದಿಲ್ಲ. ಗುಂಯ್‌ಗುಡುವಿಕೆ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ, ಅದು ಪ್ರಾಣದ ಪ್ರಶ್ನೆ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ಓಡುತ್ತಿರುವಾಗ ಕ್ಯಾಲಿಬ್ರೇಶನ್ ಮಾಡಲೂ ಬೇಡಿ.

## ಹಂತ 6: ಸ್ವೀಪ್ ಓಡಿಸಿ, ಗೆರೆಯನ್ನು ಓದಿ

ಬಟನ್ ಒತ್ತುವ ಮುನ್ನ ಹಳೆಯ ಸೌಂಡ್‌ಕಾರ್ಡ್ ಫೈಲ್ (ಎಂದರೆ ಇಂಟರ್‌ಫೇಸಿನದು) ಮತ್ತು ಮೈಕ್ ಫೈಲ್ ಎರಡನ್ನೂ ಖಾಲಿ ಮಾಡಿ. ಮೈಕ್ ಫೈಲ್ ಉಳಿದಿದ್ದರೆ ಇಲ್ಲದ ಮೈಕಿನ ತಿದ್ದುಪಡಿ ನಿಮ್ಮ ಇಂಟರ್‌ಫೇಸಿನ ಜಾತಕದೊಳಗೆ ಸೇರಿಕೊಳ್ಳುತ್ತದೆ. ಸ್ವೀಪ್‌ನ ಉದ್ದ 256ಕೆ ಸ್ಯಾಂಪಲ್ ಸಾಕು, 48 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು ಐದೂವರೆ ಸೆಕೆಂಡ್.

ಬಂದ ಗೆರೆಯನ್ನು ಯಾವ ಅಳತೆಗೋಲಿನಲ್ಲಿ ನೋಡುತ್ತೀರಿ ಎಂಬುದು ಮುಖ್ಯ. ಲಂಬ ಅಕ್ಷ 100 ಡಿಬಿ ಎತ್ತರವಿದ್ದರೆ ಎಂಥ ಡೊಂಕೂ ನೇರವಾಗಿ ಕಾಣುತ್ತದೆ, ಅರ್ಧ ಡಿಬಿ ಇದ್ದರೆ ಇರುವೆ ಗೂಡೂ ಬೆಟ್ಟದಂತೆ ಕಾಣುತ್ತದೆ. ಒಟ್ಟು 10 ಡಿಬಿ ಎತ್ತರಕ್ಕೆ ಇಟ್ಟುಕೊಳ್ಳಿ. ಆರೋಗ್ಯವಂತ ಗೆರೆ ನಡುವೆ ಚಪ್ಪಟೆಯಾಗಿರುತ್ತದೆ, ಎಡ ತುದಿಯಲ್ಲಿ 20 ಹರ್ಟ್ಸ್‌ನ ಕೆಳಗೆ ಮೆಲ್ಲಗೆ ಬಾಗುತ್ತದೆ, ಬಲ ತುದಿಯಲ್ಲಿ ಸ್ಯಾಂಪಲ್ ರೇಟಿನ ಅರ್ಧ ಬರುವ ಮೊದಲು ಕಡಿದಾಗಿ ಇಳಿಯುತ್ತದೆ. ಆ ಬಾಗು ಇರಬೇಕು. ಎಡ ತುದಿಯವರೆಗೂ ಬಾಗೇ ಇಲ್ಲದ ಗೆರೆ ಕಂಡರೆ ಹಂತ 4ರ ಪಿನ್ ಎಳೆಯುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಎಡಭಾಗ 80 ಹರ್ಟ್ಸ್ ಆಸುಪಾಸಿನಿಂದಲೇ ಜಾರತೊಡಗಿದರೆ ಲೋ ಕಟ್ ಆನ್ ಇದೆ. ಇಡೀ ಗೆರೆಯ ಆಕಾರ ಸರಿಯಿದ್ದು 6 ಡಿಬಿ ಕೆಳಗೆ ಬಂದಿದ್ದರೆ ಮೋನೋ ಪಿನ್ ಹಾಕಿದ್ದೀರಿ, ಇಲ್ಲವೇ ಕೇಬಲ್ಲಿನ ಒಂದು ತಂತಿ ಕಡಿದಿದೆ.

ಬಾಚಣಿಗೆಯ ಹಲ್ಲುಗಳ ಕಥೆ ಬೇರೆ. ಒಂದೇ ಸಿಗ್ನಲ್ ಎರಡು ಸಲ, ತುಸು ಅಂತರದಲ್ಲಿ ಬಂದು ಸೇರಿದರೆ ಹಾಗಾಗುತ್ತದೆ. ಹಲ್ಲುಗಳ ನಡುವಿನ ಅಂತರವೇ ತಪ್ಪಿತಸ್ಥನ ಗುರುತು ಹೇಳುತ್ತದೆ. ಅಡ್ಡ ಅಕ್ಷವನ್ನು ಲಾಗ್‌ನಿಂದ ಲೀನಿಯರ್‌ಗೆ ಬದಲಿಸಿ, ಎರಡು ಕುಳಿಗಳ ನಡುವೆ ಎಷ್ಟು ಹರ್ಟ್ಸ್ ಎಂದು ಓದಿ, 1000ವನ್ನು ಆ ಸಂಖ್ಯೆಯಿಂದ ಭಾಗಿಸಿ. ಸಿಗುವುದು ಮಿಲಿಸೆಕೆಂಡ್‌ಗಳಲ್ಲಿ ವಿಳಂಬ. ಕುಳಿಗಳ ನಡುವೆ 200 ಹರ್ಟ್ಸ್ ಇದ್ದರೆ 5 ಮಿಲಿಸೆಕೆಂಡ್. ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವಿಳಂಬ ಸಾಮಾನ್ಯವಾಗಿ ಕಂಪ್ಯೂಟರ್‌ಗೆ ಹೋಗಿ ಬಂದ ಸಿಗ್ನಲ್‌ನದು, ಎಂದರೆ ‘ಲಿಸನ್’ ಟಿಕ್ ಅಥವಾ ರೆಕಾರ್ಡಿಂಗ್ ತಂತ್ರಾಂಶದ ಮಾನಿಟರ್ ಬಟನ್. 500 ಹರ್ಟ್ಸ್‌ಗೂ ಮೀರಿದ ಅಗಲ ಅಂತರವಿದ್ದರೆ ವಿಳಂಬ 2 ಮಿಲಿಸೆಕೆಂಡ್‌ಗಿಂತ ಕಡಿಮೆ, ಇಂಟರ್‌ಫೇಸಿನೊಳಗಿನ ಮಿಕ್ಸರನ್ನು ಹಿಡಿಯಿರಿ.

## ಹಂತ 7: ಪರಿಶೀಲನೆಯೇ ಮೋಸ ಮಾಡದಂತೆ

ಫೈಲ್ ಉಳಿಸಿ, ಅನ್ವಯಿಸಿ, ಕೇಬಲ್ ಹಾಗೆಯೇ ಇಟ್ಟು ಇನ್ನೊಮ್ಮೆ ಅಳೆಯಿರಿ. ಗೆರೆ ಈಗ ನೇರ ಬರಬೇಕು. ಬಾಗು ಎರಡರಷ್ಟಾಗಿ ಬಂದರೆ ತಿದ್ದುಪಡಿ ತಿರುವುಮುರುವಾಗಿದೆ. ಬಾಗು ಹಾಗೆಯೇ ಉಳಿದರೆ ಫೈಲ್ ಅನ್ವಯವಾಗಿಲ್ಲ.

ನೇರ ಗೆರೆ ಬಂತೆಂದು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಆದರೆ ಲೋ ಕಟ್ ಆನ್ ಇಟ್ಟುಕೊಂಡು ಮಾಡಿದ ಫೈಲ್ ಕೂಡ, ಲೋ ಕಟ್ ಆನ್ ಇರುವಾಗ ಅಳೆದರೆ ನೇರವಾಗಿಯೇ ಬರುತ್ತದೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ಆದ್ದರಿಂದ ಏನನ್ನಾದರೂ ಬದಲಿಸಿ ಅಳೆಯಬೇಕು. ಕೇಬಲನ್ನು ಎರಡನೇ ಇನ್‌ಪುಟ್‌ಗೆ ಹಾಕಿ, ತಂತ್ರಾಂಶದಲ್ಲೂ ಅದನ್ನೇ ಆರಿಸಿ, ಅದೇ ಫೈಲ್‌ನೊಂದಿಗೆ ಅಳೆಯಿರಿ. ಎರಡೂ ಇನ್‌ಪುಟ್ ಒಂದೇ ಬಗೆಯವಾದ್ದರಿಂದ ಗೆರೆ ಬಹುತೇಕ ನೇರ ಇರಬೇಕು. ಅಲ್ಲಿ ಎಡ ತುದಿ ಜಿಗಿದು ಮೇಲೇರಿದರೆ ಮೊದಲ ಇನ್‌ಪುಟ್‌ನಲ್ಲಿ ಯಾವುದೋ ಬಟನ್ ಒತ್ತಿಕೊಂಡಿತ್ತು. ಬದಲಿ ಕೇಬಲ್‌ನಿಂದಲೂ ಒಮ್ಮೆ ನೋಡಿ.

## ಹಂತ 8: ಸಮಯದ ಲೆಕ್ಕ

ಕೇಬಲ್ ಇನ್ನೂ ಜೋಡಣೆಯಲ್ಲೇ ಇರುವಾಗ ಹಾಡು ರೆಕಾರ್ಡ್ ಮಾಡುವವರು ಇನ್ನೊಂದು ಕೆಲಸ ಮುಗಿಸಿಕೊಳ್ಳಬಹುದು. ಹಾಡಿದ್ದು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತಿದ್ದರೆ ಗಾಯಕರನ್ನು ಬೈಯುವ ಮೊದಲು ಡ್ರೈವರ್ ಹೇಳುವ ವಿಳಂಬ ನಿಜವೇ ಎಂದು ನೋಡಿ.

ರೆಕಾರ್ಡಿಂಗ್ ತಂತ್ರಾಂಶದಲ್ಲಿ ಒಂದು ಟ್ರ್ಯಾಕ್‌ನಲ್ಲಿ ಚುರುಕಾದ ಕ್ಲಿಕ್ ಶಬ್ದ ಇಡಿ, ಅದನ್ನು ಕೇಬಲ್ ಮೂಲಕ ಇನ್ನೊಂದು ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ. ಎರಡನ್ನೂ ಹಿಗ್ಗಿಸಿ, ಆರಂಭಗಳ ನಡುವಿನ ಅಂತರವನ್ನು ಸ್ಯಾಂಪಲ್‌ಗಳಲ್ಲಿ ಅಳೆಯಿರಿ. 48 ಕಿಲೋಹರ್ಟ್ಸ್‌ನಲ್ಲಿ 48 ಸ್ಯಾಂಪಲ್ ಎಂದರೆ 1 ಮಿಲಿಸೆಕೆಂಡ್. 144 ಬಂದರೆ ರೆಕಾರ್ಡಿಂಗ್ 3 ಮಿಲಿಸೆಕೆಂಡ್ ತಡ. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಈ ಅಂಕಿಯನ್ನು ರೆಕಾರ್ಡಿಂಗ್ ಸೆಟ್ಟಿಂಗ್‌ನ ಮ್ಯಾನುಯಲ್ ಆಫ್‌ಸೆಟ್‌ನಲ್ಲಿ ತುಂಬಬಹುದು. ತುಂಬಿ ಮತ್ತೆ ರೆಕಾರ್ಡ್ ಮಾಡಿ; ಅಂತರ ಅಳಿಯುವ ಬದಲು ಎರಡರಷ್ಟಾದರೆ ಪ್ಲಸ್ ಮೈನಸ್ ಅದಲುಬದಲಾಗಿದೆ.

ಒಂದು ಸಲದ ಅಂಕಿ ನಂಬಬೇಡಿ. ಯುಎಸ್‌ಬಿ ಕಿತ್ತು ಹಾಕಿ ಮತ್ತೊಮ್ಮೆ, ಕಂಪ್ಯೂಟರ್ ಮರುಪ್ರಾರಂಭಿಸಿ ಮತ್ತೊಮ್ಮೆ ಅಳೆಯಿರಿ. ಪ್ರತಿ ಸಲ ಹತ್ತಾರು ಸ್ಯಾಂಪಲ್ ಅತ್ತಿತ್ತ ಓಲಾಡಿದರೆ ಡ್ರೈವರೇ ಸ್ಥಿರವಿಲ್ಲ, ಅದನ್ನು ಆಫ್‌ಸೆಟ್ ತುಂಬಿ ಸರಿಪಡಿಸಲಾಗದು. ಸ್ಪೀಕರ್ ದೂರ ಅಳೆಯುವವರಿಗೆ ಇದು ಇನ್ನೂ ಮುಖ್ಯ: ಒಂದು ಮಿಲಿಸೆಕೆಂಡ್ ತಪ್ಪಿದರೆ ದೂರ ಸುಮಾರು 34 ಸೆಂಟಿಮೀಟರ್ ತಪ್ಪುತ್ತದೆ. ಡ್ರೈವರ್ ಹೀಗೆ ಓಲಾಡುತ್ತಿದ್ದರೆ ಎರಡನೇ ಚಾನಲ್‌ನಲ್ಲಿ ಲೂಪ್ ಕೇಬಲನ್ನು ಕಾಯಂ ಬಿಟ್ಟು, ಅದನ್ನೇ ಸಮಯದ ಆಧಾರವಾಗಿ ಆರಿಸಿಕೊಳ್ಳುವ ಸೌಲಭ್ಯ ರೂಮ್ ಇಕ್ಯೂ ವಿಝರ್ಡ್‌ನಲ್ಲಿದೆ.

## ಕಳಚುವಾಗ

ಫೈಲ್‌ನ ಹೆಸರಿನಲ್ಲಿ ಇಂಟರ್‌ಫೇಸ್, ಇನ್‌ಪುಟ್ ಸಂಖ್ಯೆ, ಸ್ಯಾಂಪಲ್ ರೇಟ್, ದಿನಾಂಕ ಇರಲಿ. 48ರಲ್ಲಿ ಮಾಡಿದ ಫೈಲನ್ನು 96ರಲ್ಲಿ ಬಳಸಬೇಡಿ. ಸ್ಯಾಂಪಲ್ ರೇಟ್ ಅಥವಾ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸಂಭಾಳಿಸುವ ಸ್ಯಾಂಪಲ್‌ಗಳ ಕಂತು) ಬದಲಾದರೆ, ಡ್ರೈವರ್ ನವೀಕರಣವಾದರೆ ಹಂತ 8 ಮತ್ತೆ ಮಾಡಬೇಕು.

ಔಟ್‌ಪುಟ್ ಗುಂಡಿ ಮತ್ತು ಗೇನ್ ಮೊದಲು ಸೊನ್ನೆಗೆ, ಆಮೇಲೆ ಕೇಬಲ್ ಹೊರಗೆ, ಆಮೇಲೆ ಮೈಕ್ ಒಳಗೆ, 48 ವೋಲ್ಟ್ ಅದಾದ ಮೇಲೆ, ಸ್ಪೀಕರ್‌ಗಳ ಸ್ವಿಚ್ ಎಲ್ಲದಕ್ಕಿಂತ ಕೊನೆಗೆ.